ಪರಮಾಣುವಿಗೊಂದು ಕನ್ನಡಿ

ಹಳೆಯ ಟೇಪಿನ ಸುರುಳಿಯೊಂದು ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಇನ್ನೂ ಇರಬಹುದು. ಕಂದು ಬಣ್ಣದ, ಬೆರಳಿನಷ್ಟು ಅಗಲವೂ ಇಲ್ಲದ ಆ ಪಟ್ಟಿಯ ಮೈಗೆ ಕಬ್ಬಿಣದ ತುಕ್ಕಿನ ಜಾತಿಯ ನಯವಾದ ಪುಡಿಯನ್ನು ಮೆತ್ತಿರುತ್ತಾರೆ. ಹಾಡುವವರ ಧ್ವನಿ ಆ ಪುಡಿಯಲ್ಲಿ ಬಹು ಸಣ್ಣ ಅಯಸ್ಕಾಂತಗಳ ಸಾಲಾಗಿ ನೆಲೆಗೊಳ್ಳುತ್ತದೆ. ನಾವು ಮತ್ತೆ ಮತ್ತೆ ಹಾಕಿ ಕೇಳುವುದು ಆ ಸಾಲನ್ನೇ. ಇಷ್ಟನ್ನು ನೀವು ಬಲ್ಲಿರಿ.

೧೯೯೫ರಲ್ಲಿ ಎಡ್ವರ್ಡ್ ಹೈಂಡ್ಸ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಇಂಥ ಟೇಪಿನ ತುಂಡೊಂದನ್ನು ಬೇರೆಯೇ ಕೆಲಸಕ್ಕೆ ಹಚ್ಚಿದರು. ಅದರ ಮೇಲೆ ಅವರು ಮುದ್ರಿಸಿದ್ದು ಹಾಡಲ್ಲ, ಮಾತಲ್ಲ. ಶ್ರುತಿ ಹಿಡಿದಂತೆ ಏರಿಳಿತವಿಲ್ಲದ ಒಂದೇ ಒಂದು ಸ್ವರ. ಗಾಳಿಯನ್ನೆಲ್ಲ ಹೀರಿ ತೆಗೆದ ಪಾತ್ರೆಯೊಳಗೆ ಆ ತುಂಡನ್ನು ಮಲಗಿಸಿ, ಬಹಳವಾಗಿ ತಣ್ಣಗಾಗಿಸಿದ ರುಬಿಡಿಯಂ ಲೋಹದ ಪರಮಾಣುಗಳನ್ನು ಮೇಲಿನಿಂದ ಬೀಳಬಿಟ್ಟರು. ಅವು ಟೇಪನ್ನು ಮುಟ್ಟಲೇ ಇಲ್ಲ. ಅದರ ತೀರ ಹತ್ತಿರಕ್ಕೆ ಬಂದು, ನೆಲಕ್ಕೆ ಹಾಕಿದ ರಬ್ಬರು ಚೆಂಡಿನಂತೆ ಪುಟಿದು ಮೇಲಕ್ಕೆ ಹೋದವು. ಹಾಡನ್ನು ಹಿಡಿದಿಡಬೇಕಾದ ಪಟ್ಟಿ ಪರಮಾಣುಗಳ ಕನ್ನಡಿಯಾಯಿತು.

ಬೆಳಕಿಗೆ ಕನ್ನಡಿಯುಂಟು, ಮಸೂರವುಂಟು. ಮಕ್ಕಳು ಭೂತಗನ್ನಡಿ ಹಿಡಿದು ಬಿಸಿಲನ್ನು ಒಂದು ಚುಕ್ಕೆಗೆ ಕೂಡಿಸಿ ಕಾಗದ ಸುಡುವುದನ್ನು ನೀವು ನೋಡಿದ್ದೀರಿ. ಆದರೆ ಬೆಳಕಿನ ಬದಲು ಪದಾರ್ಥವನ್ನೇ, ಪರಮಾಣುಗಳ ಪ್ರವಾಹವನ್ನೇ, ಹೀಗೆ ಒಂದು ಚುಕ್ಕೆಗೆ ಕೂಡಿಸಬಹುದೇ? ಈ ಪ್ರಶ್ನೆಗೆ ಉತ್ತರ ದೊರೆಯಲು ಎಂಬತ್ತು ವರ್ಷ ಹಿಡಿಯಿತು. ನಡುವೆ ಆ ಕೆಲಸದ ಕೊರಳನ್ನೇ ಹಿಸುಕುವಂಥ ಒಂದು ಕಾಲವೂ ಬಂತು. ಆ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಮೊದಲು ತೊಡಕು ಯಾವುದೆಂಬುದನ್ನು ನೋಡೋಣ. ಹಳೆಯ ದೂರದರ್ಶನ ಪೆಟ್ಟಿಗೆಯ ಗಾಜಿನ ಕೊಳವೆಯಲ್ಲಿ ಎಲೆಕ್ಟ್ರಾನುಗಳ ಕಿರಣವನ್ನು ಅಯಸ್ಕಾಂತದಿಂದ ಬೇಕಾದತ್ತ ಬಾಗಿಸುತ್ತಿದ್ದರು. ಎಲೆಕ್ಟ್ರಾನಿಗೆ ವಿದ್ಯುತ್ತಿದೆ, ಆದುದರಿಂದ ಅದು ಹೇಳಿದ ಮಾತು ಕೇಳುತ್ತದೆ. ಪರಮಾಣು ಹಾಗಲ್ಲ. ಅದರೊಳಗಿನ ಧನ ಋಣ ವಿದ್ಯುತ್ತುಗಳು ಸರಿಸಮವಾಗಿ ಕೂಡಿಕೊಂಡಿರುವುದರಿಂದ ಹೊರಗಿನವರ ಕರೆಗೆ ಅದು ಸುಲಭವಾಗಿ ಓಗೊಡುವುದಿಲ್ಲ. ಗಾಜಿನ ಮಸೂರವನ್ನು ಹಾದುಹೋಗಲಾರದು. ಮಾಮೂಲಿನ ಕನ್ನಡಿ ನಮ್ಮ ಕಣ್ಣಿಗೆ ನುಣುಪು. ಪರಮಾಣುವಿಗೆ ಅದು ಕಲ್ಲುಮುಳ್ಳಿನ ಬೆಟ್ಟ. ಹೋಗಿ ಬಡಿದರೆ ಅಂಟಿಕೊಳ್ಳುತ್ತದೆ, ಇಲ್ಲವೆ ದಿಕ್ಕುಗೆಟ್ಟು ಚದರುತ್ತದೆ.

ಪರಮಾಣುಗಳು ಕಿರಣದಂತೆ ನೇರವಾಗಿ ಹರಿಯುತ್ತವೆ ಎಂಬುದನ್ನು ೧೯೧೧ರಲ್ಲಿ ತೋರಿಸಿದವರು ಫ್ರಾನ್ಸಿನ ಲೂಯಿ ದ್ಯುನೊಯೆ. ನಿರ್ವಾತ ಮಾಡಿದ ಗಾಜಿನ ಕೊಳವೆಯ ಒಂದು ತುದಿಯಲ್ಲಿ ಅವರು ಸೋಡಿಯಂ ಲೋಹವನ್ನು ಕಾಯಿಸಿದರು. ಅದರ ಆವಿ ಸಣ್ಣ ರಂಧ್ರಗಳನ್ನು ದಾಟಿ ಇನ್ನೊಂದು ತುದಿಗೆ ಹೋಗಿ ಕುಳಿತಿತು. ದಾರಿಯಲ್ಲಿ ಒಂದು ಅಡ್ಡಿಯನ್ನಿಟ್ಟರೆ, ದೀಪದೆದುರು ಕೈ ಹಿಡಿದಂತೆ ಅದರ ನೆರಳು ಬಿತ್ತು. ತಡೆಯುವ ಗಾಳಿ ಇಲ್ಲದೆಡೆಯಲ್ಲಿ ಪರಮಾಣು ತನ್ನ ದಾರಿ ಬಿಡದೆ ಸಾಗುತ್ತದೆ ಎಂದಾಯಿತು.

ಈ ಕಿರಣವನ್ನು ವಿಜ್ಞಾನದ ದೊಡ್ಡ ಸಾಧನವನ್ನಾಗಿ ಮಾಡಿದ ಕೀರ್ತಿ ಓಟೋ ಸ್ಟರ್ನ್ ಅವರದು. ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ವಾಲ್ಟರ್ ಗೆರ್ಲಾಖ್ ಎಂಬವರೊಡನೆ ಅವರು ಕೈಗೊಂಡ ಪ್ರಯೋಗ ೧೯೨೨ರಲ್ಲಿ ಫಲ ಕೊಟ್ಟಿತು. ಪ್ರತಿಯೊಂದು ಬೆಳ್ಳಿಯ ಪರಮಾಣುವೂ ಒಂದು ಬಹು ಸಣ್ಣ ಅಯಸ್ಕಾಂತ. ಎರಡು ಬದಿಯೂ ಬಲ ಸಮವಾಗಿರುವ ಅಯಸ್ಕಾಂತದ ನಡುವೆ ಅದು ತಿರುಗಬಹುದೇ ಹೊರತು ಪಕ್ಕಕ್ಕೆ ಸರಿಯುವುದಿಲ್ಲ. ಒಂದು ಕಡೆ ಚೂಪು, ಇನ್ನೊಂದು ಕಡೆ ತೋಡು ಎಂಬಂತೆ ಅಯಸ್ಕಾಂತದ ಧ್ರುವಗಳನ್ನು ಕೆತ್ತಿದರೆ ಬಲ ಒಂದೆಡೆ ಹೆಚ್ಚು, ಒಂದೆಡೆ ಕಡಿಮೆ. ಆಗ ಪರಮಾಣು ಸರಿಯಲೇಬೇಕು. ಸುಮಾರು ೧೦೦೦ ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿದ ಒಲೆಯಿಂದ ಹೊರಟ ಬೆಳ್ಳಿಯ ಕಿರಣ ಅಂಥ ಧ್ರುವಗಳ ನಡುವೆ ಹಾದು, ಗಾಜಿನ ಮೇಲೆ ಎರಡು ಗೆರೆಗಳಾಗಿ ಒಡೆದು ಬಿತ್ತು. ಗೆರೆಗಳ ನಡುವಣ ಅಂತರ ಮಿಲಿಮೀಟರಿನ ಐದರಲ್ಲೊಂದು ಭಾಗದಷ್ಟು. ಅರ್ಧ ಪರಮಾಣುಗಳು ಬಲ ಹೆಚ್ಚಿರುವತ್ತ, ಉಳಿದರ್ಧ ಬಲ ಕಡಿಮೆ ಇರುವತ್ತ. ನಡುವೆ ಒಂದೂ ಇಲ್ಲ. ಏಕೆ ಹೀಗೆ ಎಂಬುದು ಎಲೆಕ್ಟ್ರಾನಿನ ಗಿರಕಿಯ ಕಲ್ಪನೆ ೧೯೨೫ರಲ್ಲಿ ಬಂದ ಮೇಲೆಯೇ ತಿಳಿದದ್ದು. ನಮ್ಮ ಕಥೆಗೆ ಬೇಕಾದದ್ದು ಇಷ್ಟು: ಯಾರ ಮಾತನ್ನೂ ಕೇಳದ ಪರಮಾಣುವಿಗೂ ಒಂದು ಕಿವಿಯುಂಟು, ಅದು ಅಯಸ್ಕಾಂತದ ಮಾತನ್ನು ಕೇಳುತ್ತದೆ.

ಆ ಪ್ರಯೋಗ ನಡೆದದ್ದು ಹಣದ ಬೆಲೆ ಮಣ್ಣುಪಾಲಾಗುತ್ತಿದ್ದ ಕಾಲದಲ್ಲಿ. ಅವರ ವಿಭಾಗದ ಮುಖ್ಯಸ್ಥರಾಗಿದ್ದ ಮಾಕ್ಸ್ ಬಾರ್ನ್ ಸಾಪೇಕ್ಷ ಸಿದ್ಧಾಂತದ ಮೇಲೆ ಊರಿನ ಜನರಿಗೆ ಉಪನ್ಯಾಸ ಕೊಟ್ಟು, ಟಿಕೆಟ್ಟಿನ ಹಣವನ್ನು ಪ್ರಯೋಗಾಲಯಕ್ಕೆ ಹಾಕಿದರು. ಸ್ಟರ್ನರೇ ಮುಂದೆ ಹೇಳುತ್ತಿದ್ದ ಒಂದು ಕಥೆಯುಂಟು. ಗಾಜನ್ನು ಹೊರತೆಗೆದಾಗ ಅದರ ಮೇಲೆ ಏನೂ ಕಾಣಲಿಲ್ಲವಂತೆ. ಸಂಬಳ ಸಣ್ಣದು, ಆದುದರಿಂದ ಅವರು ಸೇದುತ್ತಿದ್ದದ್ದು ಅಗ್ಗದ ಚುಟ್ಟ. ಅದರ ಹೊಗೆಯಲ್ಲಿದ್ದ ಗಂಧಕ ತಾಗಿ ಕಾಣದ ಬೆಳ್ಳಿ ಮೆಲ್ಲಮೆಲ್ಲನೆ ಕಪ್ಪಾಗಿ ಗೆರೆಗಳು ಮೂಡಿಬಂದುವಂತೆ. ಬೆಳ್ಳಿಯ ಲೋಟ ಕಪ್ಪಾಗುವುದನ್ನು ಕಂಡ ಗೃಹಿಣಿಯರಿಗೆ ಇದರಲ್ಲಿ ಆಶ್ಚರ್ಯ ತೋರದು.

೧೯೨೩ರಿಂದ ಸ್ಟರ್ನ್ ಹ್ಯಾಂಬರ್ಗಿನಲ್ಲಿ ನೆಲೆಸಿದರು. ಅವರ ಪ್ರಯೋಗಾಲಯಕ್ಕೆ ನಾನಾ ದೇಶಗಳ ತರುಣರು ಬಂದರು. ಅಮೆರಿಕದಿಂದ ಬಂದು ಕಲಿತು ಹೋದ ಇಸಿಡೋರ್ ರಾಬಿ ೧೯೩೮ರಲ್ಲಿ ಅಯಸ್ಕಾಂತೀಯ ಅನುರಣನದ ವಿಧಾನವನ್ನು ಕಂಡುಹಿಡಿದರು. ಇಂದಿನ ಆಸ್ಪತ್ರೆಗಳ ಎಂ.ಆರ್.ಐ. ಯಂತ್ರದ ಬೇರು ಅಲ್ಲಿದೆ. ಸ್ಟರ್ನ್ ಮತ್ತು ಎಸ್ಟರ್‌ಮನ್ ಇಬ್ಬರೂ ಹೀಲಿಯಂ ಕಿರಣವನ್ನು ಲಿಥಿಯಂ ಫ್ಲೋರೈಡಿನ ಹರಳಿನ ಮೇಲೆ ಬಿಟ್ಟು, ಅದು ಬೆಳಕಿನ ತರಂಗದಂತೆಯೇ ಹಲವು ದಿಕ್ಕುಗಳಿಗೆ ಕವಲೊಡೆಯುವುದನ್ನು ೧೯೩೦ರ ಸುಮಾರಿಗೆ ಸ್ಥಾಪಿಸಿದರು. ಪದಾರ್ಥಕ್ಕೂ ತರಂಗದ ಗುಣವುಂಟು ಎಂದು ೧೯೨೪ರಲ್ಲಿ ಲೂಯಿ ದ ಬ್ರಾಯ್ ಹೇಳಿದ್ದ ಮಾತು ಇಡೀ ಪರಮಾಣುವಿಗೂ ಸಲ್ಲುತ್ತದೆ ಎಂದು ತಿಳಿಯಿತು. ತರಂಗವಾದ ಮೇಲೆ ಅದಕ್ಕೂ ಮಸೂರ, ಕನ್ನಡಿ ಏಕೆ ಇರಬಾರದು?

ಅದೇ ಹ್ಯಾಂಬರ್ಗಿನಲ್ಲಿ ೧೯೩೩ರಲ್ಲಿ ಓಟೋ ಫ್ರಿಶ್ ಎಂಬ ತರುಣ ಇನ್ನೊಂದು ಪ್ರಯೋಗಕ್ಕೆ ಕೈಹಾಕಿದರು. ಬೆಳಕು ತಾಗಿದ ವಸ್ತುವನ್ನು ಅದು ನೂಕುತ್ತದೆ. ಇದರ ಬಗ್ಗೆ ನಮ್ಮ ಮೇಘನಾದ ಸಾಹಾ ಅವರು ೧೯೧೯ರಲ್ಲಿಯೇ ಬರೆದಿದ್ದರು. ಸೂರ್ಯನ ಹೊರಮೈಯಲ್ಲಿ ಪರಮಾಣುಗಳು ಅಷ್ಟೆತ್ತರದಲ್ಲಿ ನಿಲ್ಲಲು ಬೆಳಕಿನ ನೂಕೇ ಕಾರಣವೆಂದು ಅವರ ವಾದ. ಫ್ರಿಶ್ ಸೋಡಿಯಂ ಪರಮಾಣುಗಳ ಕಿರಣಕ್ಕೆ ಅಡ್ಡಲಾಗಿ ಸೋಡಿಯಂ ದೀಪದ ಹಳದಿ ಬೆಳಕನ್ನು ಹಾಯಿಸಿದರು. ಕಿರಣ ಮಿಲಿಮೀಟರಿನ ನೂರರಲ್ಲೊಂದು ಭಾಗದಷ್ಟು ಪಕ್ಕಕ್ಕೆ ಸರಿಯಿತು. ಬೆಳಕು ಪರಮಾಣುವನ್ನು ನೂಕುವುದನ್ನು ಮನುಷ್ಯ ಪ್ರಯೋಗಾಲಯದಲ್ಲಿ ಕಂಡನು.

ಆದರೆ ಆ ಕೆಲಸ ಪೂರ್ತಿಯಾಗಲಿಲ್ಲ. ೧೯೩೩ರ ಏಪ್ರಿಲ್ ೭ರಂದು ನಾಜಿ ಸರ್ಕಾರ ಒಂದು ಕಾನೂನನ್ನು ತಂದು, ಯೆಹೂದ್ಯರನ್ನು ಸರ್ಕಾರಿ ಹುದ್ದೆಗಳಿಂದ ಕಿತ್ತುಹಾಕಿತು. ಫ್ರಿಶ್ ಹೋದರು, ಎಸ್ಟರ್‌ಮನ್ ಹೋದರು. ಮೊದಲ ಮಹಾಯುದ್ಧದಲ್ಲಿ ಸೇವೆ ಮಾಡಿದ್ದ ಸ್ಟರ್ನರನ್ನು ಆ ಕಾನೂನು ಸದ್ಯಕ್ಕೆ ಮುಟ್ಟುವಂತಿರಲಿಲ್ಲ. ಅವರು ತಾವಾಗಿಯೇ ರಾಜೀನಾಮೆ ಕೊಟ್ಟು, ಅಮೆರಿಕದ ಪಿಟ್ಸ್‌ಬರ್ಗಿಗೆ ಹೊರಟುಬಿಟ್ಟರು. ಪರಮಾಣು ಕಿರಣಗಳ ವಿಷಯದಲ್ಲಿ ಜಗತ್ತಿಗೇ ಮೊದಲೆನಿಸಿದ್ದ ಪ್ರಯೋಗಾಲಯ ಕೆಲವೇ ತಿಂಗಳುಗಳಲ್ಲಿ ಬರಿದಾಯಿತು. ಸ್ಟರ್ನರಿಗೆ ೧೯೪೩ನೆಯ ವರ್ಷದ ನೊಬೆಲ್ ಬಹುಮಾನ ಬಂತು. ಒಡೆದ ಮನೆ ಮಾತ್ರ ಮತ್ತೆ ಕೂಡಲಿಲ್ಲ. ಫ್ರಿಶ್ ಅರ್ಧಕ್ಕೆ ಬಿಟ್ಟ ಪ್ರಯೋಗ ಹಲವು ದಶಕ ಹಾಗೆಯೇ ಕಾದಿತ್ತು. ಅದನ್ನು ನೆನಪಿನಲ್ಲಿಡಿ, ಅದರ ಬಳಿಗೆ ಮತ್ತೆ ಬರುತ್ತೇನೆ.

ಯುದ್ಧ ಮುಗಿದ ಮೇಲೆ, ೧೯೫೧ರಲ್ಲಿ, ಜರ್ಮನಿಯ ಫ್ರೀಡ್‌ಬರ್ಗ್ ಮತ್ತು ವೋಲ್ಫ್‌ಗಾಂಗ್ ಪೌಲ್ ಎಂಬವರು ಪರಮಾಣುಗಳಿಗೆ ನಿಜವಾದ ಮಸೂರವನ್ನು ಮಾಡಿ ತೋರಿಸಿದರು. ಉತ್ತರ ದಕ್ಷಿಣ, ಉತ್ತರ ದಕ್ಷಿಣ ಎಂದು ಸರದಿಯಲ್ಲಿ ಆರು ಧ್ರುವಗಳನ್ನು ಕೊಳವೆಯ ಸುತ್ತ ನಿಲ್ಲಿಸಿ. ನಟ್ಟನಡುವೆ ಅಯಸ್ಕಾಂತ ಬಲ ಸೊನ್ನೆ. ಅಂಚಿಗೆ ಹೋದಂತೆಲ್ಲ ಹೆಚ್ಚು. ಬಲ ಕಡಿಮೆ ಇರುವತ್ತ ಒಲಿಯುವ ಅರ್ಧ ಪರಮಾಣುಗಳು ನಡುವಿನ ಕಡೆಗೆ ಬರುತ್ತವೆ. ದೂರ ಇದ್ದಷ್ಟೂ ಸೆಳೆತ ಹೆಚ್ಚು. ಎರಡರಷ್ಟು ದೂರಕ್ಕೆ ಎರಡರಷ್ಟು ಸೆಳೆತ. ಇದು ಉಯ್ಯಾಲೆಯ ನಿಯಮ. ಉಯ್ಯಾಲೆಯನ್ನು ಸ್ವಲ್ಪ ಎಳೆದು ಬಿಡಿ, ಇನ್ನೂ ಸ್ವಲ್ಪ ಎಳೆದು ಬಿಡಿ, ನಡುವಿಗೆ ಬರಲು ಹಿಡಿಯುವ ಹೊತ್ತು ಒಂದೇ. ಹಾಗೆಯೇ ಒಂದೇ ವೇಗದ ಪರಮಾಣುಗಳು ಎಲ್ಲಿಂದ ಹೊರಟರೂ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಉಳಿದರ್ಧ ಪರಮಾಣುಗಳು ಗೋಡೆಗೆ ಬಡಿದು ನಷ್ಟವಾಗುತ್ತವೆ, ಅದಕ್ಕೆ ಉಪಾಯವಿಲ್ಲ. ೧೯೬೦ರಲ್ಲಿ ಹಾರ್ವರ್ಡಿನಲ್ಲಿ ರ್ಯಾಮ್ಸೆ, ಕ್ಲೆಪ್ನರ್, ಗೋಲ್ಡನ್‌ಬರ್ಗ್ ಅವರು ಮಾಡಿದ ಹೈಡ್ರೊಜನ್ ಮೇಸರ್ ಎಂಬ ಗಡಿಯಾರದಲ್ಲಿ ಈ ಆರು ಧ್ರುವಗಳ ಮಸೂರವೇ ಪರಮಾಣುಗಳನ್ನು ಆಯ್ದು ಕಳುಹಿಸುತ್ತದೆ.

ಮಸೂರವೇನೋ ಸಿದ್ಧವಾಯಿತು, ಅದರಲ್ಲಿ ಒಂದು ದೋಷವೂ ಉಳಿಯಿತು. ಅಗ್ಗದ ಭೂತಗನ್ನಡಿಯಲ್ಲಿ ನೋಡಿದರೆ ವಸ್ತುವಿನ ಅಂಚಿಗೆ ಬಣ್ಣದ ಗೆರೆ ಕಾಣುತ್ತದಲ್ಲವೆ? ಕೆಂಪು ಬೆಳಕು ಒಂದೆಡೆ, ನೀಲಿ ಇನ್ನೊಂದೆಡೆ ಕೂಡುವುದೇ ಅದಕ್ಕೆ ಕಾರಣ. ಪರಮಾಣುಗಳಲ್ಲಿ ಬಣ್ಣದ ಸ್ಥಾನದಲ್ಲಿ ವೇಗವಿದೆ. ಬಿಸಿ ಒಲೆಯಿಂದ ಹೊರಟವು ಸಂತೆಯಿಂದ ಹೊರಟ ಜನರಂತೆ, ಒಬ್ಬೊಬ್ಬರದು ಒಂದೊಂದು ನಡಿಗೆ. ನಿಧಾನದವು ಹತ್ತಿರ ಕೂಡಿದರೆ ವೇಗದವು ದೂರ ಹೋಗಿ ಕೂಡುತ್ತವೆ, ಚುಕ್ಕೆ ಮಸುಕಾಗುತ್ತದೆ. ಒಳ್ಳೆಯ ಚುಕ್ಕೆ ಬೇಕಾದರೆ ಎಲ್ಲವೂ ಒಂದೇ ಹೆಜ್ಜೆಯಲ್ಲಿ, ಅದೂ ನಿಧಾನವಾಗಿ ಬರಬೇಕು. ಎಂದರೆ ಪರಮಾಣುಗಳನ್ನು ತಣಿಸಬೇಕು. ಶೈತ್ಯವೆಂದರೆ ಪರಮಾಣುಗಳ ಓಟ ಕಡಿಮೆಯಾಗುವುದೇ ಹೊರತು ಬೇರೇನೂ ಅಲ್ಲ. ಸೊನ್ನೆಗಿಂತ ೨೭೩.೧೫ ಡಿಗ್ರಿ ಕೆಳಗೆ ಅದರ ಕಟ್ಟಕಡೆಯ ಮಜಲು.

ಇಲ್ಲಿ ಫ್ರಿಶ್ ಬಿಟ್ಟುಹೋದ ಎಳೆ ಮತ್ತೆ ಕೈಗೆ ಸಿಕ್ಕಿತು. ದೀಪದ ಬೆಳಕಿನ ಬದಲು ಈಗ ಲೇಸರ್ ಬಂದಿತ್ತು. ಓಡಿಬರುವ ಸೋಡಿಯಂ ಪರಮಾಣುವಿಗೆ ಎದುರಾಗಿ ಲೇಸರ್ ಬೆಳಕನ್ನು ಬಿಟ್ಟರೆ, ಬೆಳಕಿನ ಒಂದೊಂದು ಕಣವೂ ಅದನ್ನು ಒಂದಿಷ್ಟು ತಡೆಯುತ್ತದೆ. ಎಷ್ಟು? ಸೆಕೆಂಡಿಗೆ ಕೇವಲ ೩ ಸೆಂಟಿಮೀಟರು. ಪರಮಾಣುವಿನ ಓಟವೋ ಸೆಕೆಂಡಿಗೆ ೧೦೦೦ ಮೀಟರು. ಸುಮಾರು ೩೦,೦೦೦ ಸಲ ತಡೆದರೆ ಅದು ನಿಲ್ಲುತ್ತದೆ. ಒಂದು ತೊಡಕು ಉಂಟು. ಪರಮಾಣು ತನಗೆ ಒಪ್ಪುವ ಒಂದೇ ಬಣ್ಣದ ಬೆಳಕನ್ನು ಹೀರುತ್ತದೆ. ವೇಗ ಕಡಿಮೆಯಾದಂತೆ ಎದುರಿನ ಬೆಳಕಿನ ಬಣ್ಣ ಅದಕ್ಕೆ ಬೇರೆಯಾಗಿ ತೋರುತ್ತದೆ. ನಿಮ್ಮ ರೇಡಿಯೊದಲ್ಲಿ ನಿಲಯವು ಮುಳ್ಳಿನಿಂದ ಸರಿದುಹೋದಂತೆ ಇದು. ಅಮೆರಿಕದ ವಿಲಿಯಂ ಫಿಲಿಪ್ಸ್ ಮತ್ತು ಮೆಟ್‌ಕಾಫ್ ೧೯೮೨ರಲ್ಲಿ ಇದಕ್ಕೆ ಅಯಸ್ಕಾಂತದ ಮದ್ದು ತಂದರು. ದಾರಿಯುದ್ದಕ್ಕೂ ತಂತಿಯ ಸುರುಳಿ ಸುತ್ತಿ, ಅದರ ಬಲವನ್ನು ಕ್ರಮವಾಗಿ ಕಡಿಮೆ ಮಾಡುತ್ತ ಹೋದರು. ಪರಮಾಣುವಿನ ಮುಳ್ಳು ಪ್ರತಿ ಹೆಜ್ಜೆಯಲ್ಲೂ ತಿರುಗಿ, ಬೆಳಕಿನೊಡನೆ ಶ್ರುತಿ ಸೇರಿತು. ೧೯೮೫ರಲ್ಲಿ ಸ್ಟೀವನ್ ಚೂ ಮತ್ತು ಸಂಗಡಿಗರು ಆರು ದಿಕ್ಕಿನಿಂದ ಬೆಳಕು ಬಿಟ್ಟು ಪರಮಾಣುಗಳನ್ನು ಜೇನಿನಲ್ಲಿ ಸಿಕ್ಕಿದ ನೊಣಗಳಂತೆ ನಿಧಾನಗೊಳಿಸಿದರು. ಚೂ, ಫಿಲಿಪ್ಸ್ ಮತ್ತು ಫ್ರಾನ್ಸಿನ ಕೊಹೆನ್ ತನ್ನೂಜಿ ಈ ಮೂವರಿಗೆ ೧೯೯೭ರ ನೊಬೆಲ್ ಬಹುಮಾನ ಬಂತು.

ಇನ್ನು ಕನ್ನಡಿಯ ಮಾತು. ಪರಮಾಣು ನಿಧಾನವಾದಷ್ಟೂ ಅದರ ತರಂಗ ಉದ್ದವಾಗುತ್ತದೆ. ಉದ್ದನೆಯ ತರಂಗಕ್ಕೆ ಸಣ್ಣಪುಟ್ಟ ಉಬ್ಬುತಗ್ಗುಗಳು ಲೆಕ್ಕಕ್ಕಿಲ್ಲ. ೧೯೮೯ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವಿಜ್ಞಾನಿಗಳು ತಗ್ಗಾದ ಗಿಂಡಿಯಂಥ ಕನ್ನಡಿಯ ಮೈಗೆ ದ್ರವ ಹೀಲಿಯಂನ ತೆಳು ಪೊರೆಯನ್ನು ಹರಡಿ, ತಣ್ಣನೆಯ ಹೈಡ್ರೊಜನ್ ಪರಮಾಣುಗಳನ್ನು ಅದರ ಮೇಲೆ ಬಿಟ್ಟು ಅವನ್ನು ಕೂಡಿಸಿದರು. ಅಲ್ಲಿ ಪರಮಾಣು ಗೋಡೆಯನ್ನು ಮುಟ್ಟುವ ಮೊದಲೇ ಅದರ ತರಂಗ ಹಿಂದಿರುಗುತ್ತದೆ. ಎರಡು ವರ್ಷ ಮೊದಲು ರಷ್ಯದವರು ಗಾಜಿನ ಮೈಯಿಂದ ಒಂದಿಷ್ಟೇ ಹೊರಗೆ ಇಣುಕುವ ಲೇಸರ್ ಬೆಳಕಿನಿಂದ ಸೋಡಿಯಂ ಪರಮಾಣುಗಳನ್ನು ಹಿಂದಕ್ಕೆ ಕಳುಹಿಸಿದ್ದರು.

ಟೇಪಿನ ಕನ್ನಡಿ ಹೇಗೆ ಕೆಲಸ ಮಾಡುತ್ತದೆಂಬುದು ನಿಮಗೆ ಈಗ ಹೊಳೆದಿರಬೇಕು. ಒಂದೇ ಸ್ವರವನ್ನು ಮುದ್ರಿಸಿದಾಗ ಟೇಪಿನ ಮೇಲೆ ಉತ್ತರ ದಕ್ಷಿಣ ಧ್ರುವಗಳು ಸರಿಯಾದ ಅಂತರದಲ್ಲಿ ಸಾಲುಗೂಡುತ್ತವೆ. ಪಟ್ಟಿಯ ಮೈ ಹತ್ತಿರ ಅವುಗಳ ಬಲ ಜೋರು. ಸ್ವಲ್ಪ ಮೇಲೇರಿದರೆ ಅಕ್ಕಪಕ್ಕದ ಧ್ರುವಗಳು ಪರಸ್ಪರ ಅಳಿಸಿಕೊಂಡು ಬಲ ಇಲ್ಲದಂತಾಗುತ್ತದೆ. ಬಲ ಕಡಿಮೆ ಇರುವತ್ತ ಒಲಿಯುವ ಪರಮಾಣು ಬಿದ್ದಾಗ, ತೀರ ಹತ್ತಿರದಲ್ಲಿ ಅದನ್ನು ಕಾಣದ ಕೈ ತಡೆದು ಮೇಲಕ್ಕೆ ಎತ್ತುತ್ತದೆ. ಸೆಂಟಿಮೀಟರುಗಳ ಎತ್ತರದಿಂದ ಬೀಳುವ ತಣ್ಣನೆಯ ಪರಮಾಣುವಿಗೆ ಇಷ್ಟು ಸಾಕು; ಒಲೆಯಿಂದ ಹೊರಟ ಬಿಸಿಯ ಪರಮಾಣುವಾದರೆ ಆ ಕೈಯನ್ನು ಒದ್ದು ಒಳಗೆ ನುಗ್ಗುತ್ತಿತ್ತು. ಅದೇ ತಂಡದವರು ಮುಂದೆ ಗಣಕಯಂತ್ರದ ಫ್ಲಾಪಿ ತಟ್ಟೆಯನ್ನು ಬಟ್ಟಲಿನಂತೆ ಬಾಗಿಸಿ, ಪರಮಾಣುಗಳು ಮತ್ತೆ ಮತ್ತೆ ಪುಟಿದು ಕೂಡುವಂತೆ ಮಾಡಿದರು. ೧೯೯೭ರಲ್ಲಿ ಕೇಂಬ್ರಿಜ್‌ನ ಬೋಡಿಲ್ ಹೋಲ್ಸ್ಟ್ ಮತ್ತು ವಿಲಿಯಂ ಆಲಿಸನ್ ತೆಳುವಾದ ಸಿಲಿಕಾನ್ ಹರಳಿನ ಹಾಳೆಯನ್ನು ವಿದ್ಯುತ್ತಿನ ಸೆಳೆತದಿಂದ ಬಾಗಿಸಿ ಹೀಲಿಯಂ ಕಿರಣವನ್ನು ಕೂಡಿಸಿದರು. ವಸ್ತುವಿನ ಮೈಯನ್ನು ಗಾಯ ಮಾಡದೆ ನೋಡುವ ಹೀಲಿಯಂ ಸೂಕ್ಷ್ಮದರ್ಶಕಕ್ಕೆ ಇದು ದಾರಿಯಾಯಿತು.

ಟೇಪಿನ ಪ್ರಯೋಗ ನಡೆದ ೧೯೯೫ರಲ್ಲೇ ಅಮೆರಿಕದ ಕಾರ್ನೆಲ್ ಮತ್ತು ವೀಮನ್ ರುಬಿಡಿಯಂ ಪರಮಾಣುಗಳನ್ನು ಒಂದು ಡಿಗ್ರಿಯ ಹತ್ತು ಲಕ್ಷದ ಒಂದು ಭಾಗಕ್ಕಿಂತಲೂ ಕಡಿಮೆ ಉಷ್ಣತೆಗೆ ಇಳಿಸಿದರು. ಅಲ್ಲಿ ಸಾವಿರಾರು ಪರಮಾಣುಗಳು ತಮ್ಮ ಬೇರೆತನವನ್ನು ಮರೆತು ಒಂದೇ ತರಂಗವಾದುವು. ಈ ಸ್ಥಿತಿಗೆ ಮೂಲವಾದ ಗಣಿತವನ್ನು ೧೯೨೪ರಲ್ಲಿ ಢಾಕಾದಿಂದ ಐನ್‌ಸ್ಟೀನರಿಗೆ ಬರೆದು ಕಳುಹಿಸಿದವರು ನಮ್ಮ ಸತ್ಯೇಂದ್ರನಾಥ ಬೋಸ್. ಬೆಂಗಳೂರಿನಲ್ಲಿ ರಾಮನ್ನರು ೧೯೪೮ರಲ್ಲಿ ಸ್ಥಾಪಿಸಿದ ಸಂಶೋಧನ ಮಂದಿರದಲ್ಲಿಯೂ ಭಾರತೀಯ ವಿಜ್ಞಾನ ಮಂದಿರದಲ್ಲಿಯೂ ತಣ್ಣನೆಯ ಪರಮಾಣುಗಳ ಅಧ್ಯಯನ ನಡೆದುಬಂದಿದೆ.

ಕೊನೆಗೆ ಒಂದು ಗೋಪುರದ ಸಂಗತಿ ಹೇಳಿ ಮುಗಿಸುತ್ತೇನೆ. ಜರ್ಮನಿಯ ಬ್ರೆಮೆನ್ ಊರಿನಲ್ಲಿ ೧೪೬ ಮೀಟರು ಎತ್ತರದ ಒಂದು ಗೋಪುರವಿದೆ. ಅದರೊಳಗೆ ಉಪಕರಣಗಳನ್ನು ಬೀಳಬಿಟ್ಟು ಪ್ರಯೋಗ ಮಾಡುತ್ತಾರೆ. ಬೀಳುವಾಗ ಭಾರವೆಂಬುದು ಇರುವುದಿಲ್ಲ. ಅಲ್ಲಿ ಬಂಧನದಿಂದ ಬಿಟ್ಟ ಪರಮಾಣುಗಳ ಮೋಡ ಮೆಲ್ಲನೆ ಹರಡುತ್ತದೆ. ಹೆಚ್ಚು ವೇಗದವು ಹೆಚ್ಚು ದೂರ ಹೋಗಿರುತ್ತವೆ. ಆಗ ಒಂದು ಕ್ಷಣ ಅಯಸ್ಕಾಂತದ ಮಸೂರವನ್ನು ಹಚ್ಚಿದರೆ, ದೂರದವನ್ನು ಅದು ಹೆಚ್ಚಾಗಿ, ಹತ್ತಿರದವನ್ನು ಕಡಿಮೆಯಾಗಿ ಹಿಂದಕ್ಕೆ ಎಳೆಯುತ್ತದೆ. ಅದೇ ಉಯ್ಯಾಲೆಯ ನಿಯಮ. ಎಲ್ಲವೂ ಹೆಚ್ಚುಕಡಿಮೆ ನಿಂತೇಬಿಡುತ್ತವೆ. ೨೦೨೧ರಲ್ಲಿ ಪ್ರಕಟವಾದ ಅಂಥ ಪ್ರಯೋಗದಲ್ಲಿ ಉಳಿದ ಚಲನೆಯ ಉಷ್ಣತೆ ಎಷ್ಟೆಂದರೆ, ಒಂದು ಡಿಗ್ರಿಯನ್ನು ಲಕ್ಷ ಕೋಟಿ ಪಾಲು ಮಾಡಿ, ಅದರಲ್ಲಿ ೩೮ ಪಾಲು.

ಇದರಿಂದ ನಮಗೇನು ಎಂದು ನೀವು ಕೇಳಬಹುದು. ನಿಂತಂತೆಯೇ ಇರುವ ಪರಮಾಣುವನ್ನು ಬಹು ಹೊತ್ತು ನೋಡಬಹುದು; ಬಹು ಹೊತ್ತು ನೋಡಿದರೆ ಭೂಮಿಯ ಸೆಳೆತವನ್ನೂ ಕಾಲವನ್ನೂ ಬಹು ಸೂಕ್ಷ್ಮವಾಗಿ ಅಳೆಯಬಹುದು. ನಮ್ಮ ದೇಶದ ವೇಳೆಯನ್ನು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಕಾಯುತ್ತಿರುವುದು ಪರಮಾಣು ಗಡಿಯಾರಗಳಿಂದ. ಅಯಸ್ಕಾಂತದ ನಡುವೆ ಪರಮಾಣುಗಳನ್ನು ಹಾಯಿಸಿ ಬೇರ್ಪಡಿಸುವ ಫ್ರಾಂಕ್‌ಫರ್ಟಿನ ಉಪಾಯ ಆ ಬಗೆಯ ಗಡಿಯಾರಗಳ ಹುಟ್ಟಿನಲ್ಲಿಯೇ ಸೇರಿದೆ.

ಹ್ಯಾಂಬರ್ಗಿನ ಆ ಬರಿದಾದ ಕೋಣೆಗಳನ್ನು ನೆನೆದಾಗ ನನಗೆ ಅನಿಸುವುದು ಇಷ್ಟು. ಕಾನೂನು ಮನುಷ್ಯರನ್ನು ಊರಿನಿಂದ ಓಡಿಸಿತು. ಅವರು ಕಲಿಸಿದ್ದನ್ನು ಓಡಿಸಲಾಗಲಿಲ್ಲ. ರಾಬಿ ಅದನ್ನು ನ್ಯೂಯಾರ್ಕಿನಲ್ಲಿ ಬೆಳೆಸಿದರು. ರಾಬಿಯವರ ಶಿಷ್ಯ ರ್ಯಾಮ್ಸೆ ಹಾರ್ವರ್ಡಿಗೆ ಒಯ್ದರು. ಆದರೆ ನಡುವೆ ಕಳೆದುಹೋದ ವರ್ಷಗಳ ಲೆಕ್ಕವನ್ನು ಯಾರೂ ತೀರಿಸಲಾರರು. ಮುಂದೆ ಎಂದಾದರೂ ರೇಡಿಯೊದಲ್ಲಿ ವೇಳೆಯನ್ನು ಹೇಳುವುದು ಕೇಳಿ ನಿಮ್ಮ ಗಡಿಯಾರದ ಮುಳ್ಳನ್ನು ಸರಿಪಡಿಸಿಕೊಳ್ಳುವಾಗ, ಅಗ್ಗದ ಚುಟ್ಟದ ಹೊಗೆಯಲ್ಲಿ ಮೂಡಿದ ಆ ಎರಡು ಕಪ್ಪು ಗೆರೆಗಳನ್ನೂ, ಅರ್ಧಕ್ಕೆ ನಿಂತ ಆ ಹಳದಿ ದೀಪವನ್ನೂ ಒಂದು ಸಲ ನೆನೆಯಿರಿ.